ಪದಚರ್ಚೆ: ಅಟ್ಟ ಎಂದರೆ ನೆಲವೋ, ಟೊಳ್ಳೋ? ಅದರ ಗಂಡಿಗೆ ಏನೆನ್ನೋಣ?

ಪದಬಲ್ಲ ಗೆಳೆಯರಿಗೆ ನಮಸ್ಕಾರ.

ಮನೆಯ ದುರಸ್ತಿ ಮತ್ತು ಸುರಕ್ಷತೆಯನ್ನು ಕುರಿತ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸದಲ್ಲಿ ಕೆಲವು ತಿಂಗಳಿಂದ ತೊಡಗಿದ್ದೇನೆ. ಅದರಲ್ಲಿ ಅಟಿಕ್ ಎಂಬುದರ ಬಗ್ಗೆ, ಅಂದರೆ ಇಳಿಜಾರು ಮಾಡಿನ (ಛಾವಣಿಯ) ಕೆಳಗೆ ಮತ್ತು ಕೊನೆಯ ಅಂತಸ್ತಿನ ಒಳಮುಚ್ಚಿಗೆಯ ಮೇಲೆ ಉಳಿಯುವ ಎಡೆಯ ಬಗ್ಗೆ, ಒಂದು ಇಡೀ ಅಧ್ಯಾಯವಿದೆ. ಅಲ್ಲಿಗೆ ಹತ್ತಿ ಹೋಗುವುದು ಹೇಗೆ, ಹೋದ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಿ ಕಾಲಿಡಬಾರದು ಎಂಬ ಸೂಚನೆಗಳೇ ಅದರ ಬಹುಪಾಲು. ಅಟಿಕ್‌ಗೆ ಅಟ್ಟ ಎಂಬ ಪದ ಸಿದ್ಧವಾಗಿಯೇ ಇರುವುದರಿಂದ ಈ ಅಧ್ಯಾಯ ಸುಲಭವಾಗಿ ಮುಗಿಯುತ್ತದೆ ಎಂದುಕೊಂಡಿದ್ದೆ. ಅರ್ಧ ಮುಗಿಸಿ ಕರಡನ್ನು ಅನುಭವಸ್ಥ ಬಡಗಿಯೊಬ್ಬರಿಗೆ ಓದಲು ಕೊಟ್ಟಾಗ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಅಟ್ಟದ ಮೇಲೆ ಎಲ್ಲೆಂದರಲ್ಲಿ ಕಾಲಿಡಬೇಡಿ ಎಂದು ಬರೆದಿದ್ದೀರಿ. ಕಾಲಿಡಲಾಗದ್ದು ಅಟ್ಟ ಹೇಗಾಗುತ್ತದೆ ಸ್ವಾಮಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿದಾಗ, ಅವರು ಕೇಳಿದ್ದು ಮರಗೆಲಸದ ಪ್ರಶ್ನೆಯಾಗಿರುವಷ್ಟೇ ಪದದ ಅರ್ಥದ ಪ್ರಶ್ನೆಯೂ ಆಗಿದೆ ಎಂದು ಹೊಳೆಯಿತು. ನಾನು ಇಲ್ಲಿ ಮುಂದಿಡುತ್ತಿರುವುದು ಆ ಪ್ರಶ್ನೆಯನ್ನು ಮತ್ತು ಅದರ ಹಿಂದೆಯೇ ಬಂದ ಇನ್ನೆರಡು ಪ್ರಶ್ನೆಗಳನ್ನು.

ಮೊದಲು ಅಟ್ಟದ ಬಳಕೆಯನ್ನು ನೋಡೋಣ. ನಾವು ಅಟ್ಟ ಕಟ್ಟುತ್ತೇವೆ, ಅಟ್ಟ ಹಾಕುತ್ತೇವೆ, ಅಟ್ಟ ಹತ್ತುತ್ತೇವೆ, ಅಟ್ಟದ ಮೇಲೆ ಸಾಮಾನು ಇಡುತ್ತೇವೆ, ಬೇಕಾದಾಗ ಅಟ್ಟದಿಂದ ಇಳಿಸುತ್ತೇವೆ. ಹೊಲ ಕಾಯುವವರು ನಾಲ್ಕು ಕಂಬ ನೆಟ್ಟು ಮೇಲೆ ಹಲಗೆ ಹಾಸಿಕೊಂಡು ಕೂರುವುದೂ ಅಟ್ಟವೇ, ಬೇಟೆಗಾರ ಮರದ ಕವಲಿನಲ್ಲಿ ಕಟ್ಟಿಕೊಳ್ಳುವುದೂ ಅಟ್ಟವೇ. ಇವೆರಡಕ್ಕೂ ಮಾಡಿನ ಹಂಗಿಲ್ಲ, ಸುತ್ತ ಗೋಡೆಯ ಹಂಗೂ ಇಲ್ಲ. ಎಲ್ಲ ಬಳಕೆಗಳಿಗೂ ಸಮಾನವಾಗಿರುವುದು ಒಂದೇ: ನೆಲದಿಂದ ಎತ್ತರದಲ್ಲಿ, ಭಾರ ಹೊರುವಂತೆ ಹಾಸಿದ ಇನ್ನೊಂದು ನೆಲ. ಆದ್ದರಿಂದಲೇ ಕನ್ನಡದ ಬಾಯಿಗೆ 'ಅಟ್ಟದ ಮೇಲೆ' ಎಂಬುದು ಸಹಜವಾಗಿ ಬರುತ್ತದೆ. 'ಅಟ್ಟದಲ್ಲಿ' ಎಂಬ ರೂಪವೂ ಬಳಕೆಯಲ್ಲಿದೆ ನಿಜ. ಆದರೆ 'ಅಟ್ಟದೊಳಗೆ' ಎಂದು ಯಾರಾದರೂ ಹೇಳಿದರೆ ಕಿವಿ ಒಂದು ಕ್ಷಣ ತಡೆಯುತ್ತದೆ, ಏಕೆಂದರೆ ನೆಲಕ್ಕೆ ಮೇಲು ಇರುತ್ತದೆಯೇ ಹೊರತು ಒಳಗು ಇರುವುದಿಲ್ಲ.

ಇಂಗ್ಲಿಷಿನ ಅಟಿಕ್ ಹಾಗಲ್ಲ. ಅದು ಮಾಡಿಗೂ ಮುಚ್ಚಿಗೆಗೂ ನಡುವಿನ ಎಡೆಯ ಹೆಸರು. ಅಲ್ಲಿ ನೆಲ ಇರಬಹುದು, ಇಲ್ಲದೆಯೂ ಇರಬಹುದು. ಎಡೆ ಇದ್ದರೆ ಅದು ಅಟಿಕ್. ಹಗುರ ಮರದ ಚೌಕಟ್ಟಿನ ಮನೆಗಳಲ್ಲಿ ಸಾಮಾನ್ಯವಾಗಿ 16 ಅಥವಾ 24 ಅಂಗುಲಗಳಿಗೊಂದರಂತೆ ಮುಚ್ಚಿಗೆಯ ಜಂತಿಗಳನ್ನು ಹಾಯಿಸಿ, ಅವುಗಳ ಅಡಿಮೈಗೆ ಸುಮಾರು ಅರ್ಧ ಅಂಗುಲ ದಪ್ಪದ ಜಿಪ್ಸಂ ಹಲಗೆಯನ್ನು ಬಡಿದಿರುತ್ತಾರೆ. ಕೋಣೆಯಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ಆ ಜಿಪ್ಸಂ ಹಲಗೆ. ಮೇಲಿನಿಂದ ನೋಡಿದರೆ ಜಂತಿಗಳ ನಡುವಿನ ಸಾಲುಗಳನ್ನು ಗಾಜಿನ ನೂಲಿನ ಅಥವಾ ಅಂಥದೇ ಬೇರೆ ಶಾಖತಡೆಯ ಹೊದಿಕೆ ತುಂಬಿರುತ್ತದೆ, ಎಷ್ಟೋ ಕಡೆ ಜಂತಿಗಳ ತಲೆಯನ್ನೂ ಮುಚ್ಚಿರುತ್ತದೆ. ಜಿಪ್ಸಂ ಹಲಗೆ ತನ್ನ ಭಾರವನ್ನೂ ಆ ಹೊದಿಕೆಯ ಭಾರವನ್ನೂ ತಡೆಯುವುದಕ್ಕಷ್ಟೇ ಇರುವಂಥದ್ದು. ಮನುಷ್ಯನೊಬ್ಬ ಅದರ ಮೇಲೆ ಕಾಲೂರಿದರೆ ಕಾಲು ಸೀದಾ ಕೆಳಗಿನ ಕೋಣೆಗೆ ತೂರುತ್ತದೆ. ಅಲ್ಲಿ ಓಡಾಡಬೇಕಾದವರು ಜಂತಿಯಿಂದ ಜಂತಿಗೆ ಹೆಜ್ಜೆಯಿಡಬೇಕು, ಇಲ್ಲವೆ ಕನಿಷ್ಠ ಎರಡು ಮೂರು ಜಂತಿಗಳ ಮೇಲೆ ಕೂರುವಂತೆ ಗಟ್ಟಿ ಹಲಗೆಯೊಂದನ್ನು ಅಡ್ಡಲಾಗಿ ಹಾಸಿಕೊಂಡು ಅದರ ಮೇಲೆ ಚಲಿಸಬೇಕು.

ಈಗ ಬಡಗಿಯವರ ಪ್ರಶ್ನೆಯ ತೂಕ ತಮಗೂ ತಿಳಿದಿರಬೇಕು. ಅಟ್ಟ ಎಂಬ ಪದವೇ ಓದುಗನಿಗೆ ನೆಲವೊಂದರ ಭರವಸೆಯನ್ನು ಕೊಟ್ಟುಬಿಡುತ್ತದೆ. ಇಂಗ್ಲಿಷಿನ ಓದುಗನಿಗೆ ಅಟಿಕ್ ಎಂಬ ಪದ ಅಂಥ ಭರವಸೆ ಕೊಡುವುದಿಲ್ಲವಾದ್ದರಿಂದ ಮೂಲದ ಲೇಖಕರು ಎಚ್ಚರಿಕೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಅದೇ ಸಾಲನ್ನು ನಾನು ಅಟ್ಟ ಎಂಬ ಪದದೊಂದಿಗೆ ಕನ್ನಡಕ್ಕೆ ತಂದಾಗ ಪದ ಒಂದು ದಿಕ್ಕಿಗೆ, ಎಚ್ಚರಿಕೆ ಇನ್ನೊಂದು ದಿಕ್ಕಿಗೆ ಎಳೆಯುತ್ತವೆ. ಕಥೆಯ ಅನುವಾದದಲ್ಲಾದರೆ ಇಷ್ಟು ಯೋಚಿಸಬೇಕಿರಲಿಲ್ಲ. ಮಗು ಅಟ್ಟ ಹತ್ತಿ ಅಡಗಿಕೊಂಡಿತು ಎಂದರೆ ಯಾರ ಕಾಲೂ ಮುರಿಯುವುದಿಲ್ಲ. ಕೈಪಿಡಿಯ ಮಾತು ಬೇರೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಏಣಿ ಹತ್ತುವವರಿರುತ್ತಾರೆ.

ನನಗೆ ತೋಚಿದ ದಾರಿ ಹೀಗಿದೆ. ಹಲಗೆ ಹಾಸಿ, ನಡೆಯಲು ಅಥವಾ ಸಾಮಾನು ಇಡಲು ಸಿದ್ಧ ಮಾಡಿದ್ದಕ್ಕೆ ಮಾತ್ರ ಅಟ್ಟ ಎಂಬ ಪದವನ್ನು ಮೀಸಲಿಡುವುದು. ಬರೀ ಜಂತಿಗಳಿರುವ, ನೆಲವಿಲ್ಲದ ಎಡೆಗೆ 'ಮಾಡಿನಡಿಯ ಟೊಳ್ಳು' ಎಂದು ಬಿಡಿಸಿ ಹೇಳುವುದು. ಟೊಳ್ಳು ಎಂಬ ಪದದಲ್ಲಿ ಒಳಗು ಇದೆ, ನೆಲದ ಭರವಸೆ ಇಲ್ಲ, ಸ್ವಲ್ಪ ಅಳುಕೂ ಇದೆ. ಇಲ್ಲಿ ಆ ಅಳುಕು ಬೇಕಾದದ್ದೇ. ಜನ ಉಳಿದುಕೊಳ್ಳುವಂತೆ ಗೋಡೆ, ಕಿಟಕಿ ಎಲ್ಲ ಮಾಡಿದ್ದರೆ ಅದು 'ಅಟ್ಟದ ಕೋಣೆ', ಆಗ 'ಅಟ್ಟದ ಕೋಣೆಯೊಳಗೆ' ಎನ್ನುವುದಕ್ಕೂ ಅಡ್ಡಿಯಿಲ್ಲ. ಇಂಗ್ಲಿಷಿನ ಒಂದೇ ಪದಕ್ಕೆ ಕನ್ನಡದಲ್ಲಿ ಮೂರು ಪದಗಳಾದವು ಎಂದು ಕೆಲವರಿಗೆ ಅನ್ನಿಸಬಹುದು. ವಸ್ತುಗಳೇ ಮೂರಿರುವಾಗ ಪದಗಳೂ ಮೂರಿರುವುದು ತಪ್ಪಲ್ಲ ಎಂದು ನನ್ನ ನಂಬಿಕೆ. 'ಮಾಡಿನಡಿಯ ಟೊಳ್ಳು' ಉದ್ದವಾಯಿತು, ಅಧ್ಯಾಯದಲ್ಲಿ ನಲವತ್ತು ಸಲ ಬರೆಯಲು ತ್ರಾಸದಾಯಕ ಎಂಬುದನ್ನು ಒಪ್ಪುತ್ತೇನೆ. 'ಮಾಡುಟೊಳ್ಳು', 'ಸೂರುಟೊಳ್ಳು' ಎಂದು ಸಮಾಸ ಮಾಡಿ ನೋಡಿದೆ. ಸೂರು ಎಂಬುದು ಹಲವರಿಗೆ ಗೋಡೆಯಾಚೆ ಚಾಚಿದ ಮಾಡಿನ ಅಂಚು ಮಾತ್ರ, ಇನ್ನು ಕೆಲವರಿಗೆ ಇಡೀ ಛಾವಣಿ, ಆದ್ದರಿಂದ ಅದನ್ನು ಬಿಟ್ಟೆ. ಮಾಡು ಎಂಬುದು ಕರಾವಳಿ, ಮಲೆನಾಡಿನ ಮಾತಿನಲ್ಲಿ ಛಾವಣಿಗೆ ಸಹಜವಾದ ಪದವಾದರೂ ಬೇರೆಡೆಯ ಓದುಗರು ಅದನ್ನು ಕ್ರಿಯಾಪದವೆಂದೇ ಓದಿಯಾರು. ಈ ಎಡವಟ್ಟನ್ನು ಬಗೆಹರಿಸುವ ಪದವಿದ್ದರೆ ಬಲ್ಲವರು ತಿಳಿಸಬೇಕು.

ಈ ಸಂದರ್ಭದಲ್ಲೇ ಅಟ್ಟಕ್ಕೂ ಅಟಿಕ್‌ಗೂ ನಂಟು ಕಲ್ಪಿಸುವ ಮಾತನ್ನು ಪ್ರಸ್ತಾಪಿಸಬೇಕು, ಏಕೆಂದರೆ ಈ ಎರಡು ಪದಗಳನ್ನು ಒಂದೇ ಎಂದು ನಾವು ಸುಲಭವಾಗಿ ಒಪ್ಪಿಬಿಡುವುದಕ್ಕೆ ಅವುಗಳ ದನಿಯ ಹೋಲಿಕೆಯೂ ಒಂದು ಕಾರಣ. ನಮ್ಮ ಅಟ್ಟವೇ ಇಂಗ್ಲಿಷಿಗೆ ಹೋಗಿ ಅಟಿಕ್ ಆಯಿತು ಎಂದು ವಾದಿಸುವವರನ್ನು ಕಂಡಿದ್ದೇನೆ. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಅಟಿಕ್ ಎಂಬುದರ ಮೂಲ ಗ್ರೀಸಿನ ಅಥೆನ್ಸ್ ಪಟ್ಟಣವಿರುವ ಆಟಿಕಾ ಎಂಬ ಸೀಮೆಯ ಹೆಸರು. ಹಳೆಯ ಗ್ರೀಕ್ ಮಾದರಿಯನ್ನು ಅನುಸರಿಸಿ ಕಟ್ಟುತ್ತಿದ್ದ ಯೂರೋಪಿನ ವಾಸ್ತುಶಿಲ್ಪಿಗಳು ಕಟ್ಟಡದ ಮುಖ್ಯ ಕಂಬಸಾಲಿನ ಮೇಲೆ, ಕಪೋತದಿಂದ (ಕಂಬಸಾಲಿನ ಮೇಲೆ ಮುಂಚಾಚಿದ ಅಂಚುಪಟ್ಟಿಯಿಂದ) ಆಚೆಗೆ, ಗಿಡ್ಡ ಅರೆಗಂಬಗಳ ಇನ್ನೊಂದು ಸಾಲನ್ನು ನಿಲ್ಲಿಸಿ ಅದನ್ನು ಆಟಿಕಾ ಶೈಲಿಯೆಂದು ಕರೆದರು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ 17ನೆಯ ಶತಮಾನದ ಕೊನೆಯ ಹೊತ್ತಿಗೆ ಬಂದ ಈ ಪದ 18ನೆಯ ಶತಮಾನದಲ್ಲಿ ಆ ಅಲಂಕಾರದ ಹಿಂದಿರುವ ಗಿಡ್ಡ ಅಂತಸ್ತಿಗೆ ಅಂಟಿಕೊಂಡಿತು. ಕಡೆಗೆ ಅಲಂಕಾರ ಮರೆತುಹೋಗಿ, ಮಾಡಿನ ಕೆಳಗಿನ ಎಡೆ ಎಂಬ ಅರ್ಥವಷ್ಟೇ ಉಳಿಯಿತು.

ನಮ್ಮ ಅಟ್ಟದ ಹಾದಿಯೇ ಬೇರೆ. ಸಂಸ್ಕೃತದಲ್ಲಿ ಅಟ್ಟ, ಅಟ್ಟಾಲ, ಅಟ್ಟಾಲಕ ಎಂದರೆ ಎತ್ತರದ ಕಾವಲು ಗೋಪುರ, ಮೇಲಂತಸ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆ ಕಟ್ಟುವ ವಿವರಗಳ ನಡುವೆ ಅಟ್ಟಾಲಕ ಬರುತ್ತದೆ. ಕನ್ನಡದ ಅಟ್ಟಳೆ, ಅಟ್ಟಳಿಗೆ, ಅಟ್ಟಣಿಗೆ ಎಂಬ ರೂಪಗಳಲ್ಲಿ ಆ ಕೋಟೆಯ ನೆನಪು ಇನ್ನೂ ಇದೆ. ಅಟ್ಟಹಾಸದ ಅಟ್ಟಕ್ಕೂ ಎತ್ತರ, ಜೋರು ಎಂಬ ಅರ್ಥವೇ. ತುಳುವಿನಲ್ಲಿಯೂ ಅಟ್ಟ ಅಟ್ಟವೇ, ತೆಲುಗಿನಲ್ಲಿ ಅದು ಅಟಕ. ಈ ಅಟಕವನ್ನು ಅಟಿಕ್‌ನ ಪಕ್ಕದಲ್ಲಿಟ್ಟರೆ ಎಂಥವರಿಗೂ ಅನುಮಾನ ಬರುವುದು ಸಹಜ, ಆದರೂ ಅದು ಬರೀ ದನಿಯ ಹೋಲಿಕೆ. ನಿಜವಾದ ಹೋಲಿಕೆ ಬೇಕೆಂದರೆ ಇಂಗ್ಲಿಷಿನ ಇನ್ನೊಂದು ಪದವಾದ ಗ್ಯಾರೆಟ್ ಅನ್ನು ನೋಡಬೇಕು. ಮಾಡಿನಡಿಯ ಇಕ್ಕಟ್ಟಾದ ಕೋಣೆ ಎಂದು ಇಂದು ಅರ್ಥವಿರುವ ಆ ಪದ ಹಳೆಯ ಫ್ರೆಂಚಿನಲ್ಲಿ ಕಾವಲು ಗೋಪುರವಾಗಿತ್ತು. ಕಾವಲುಗಾರ ನಿಲ್ಲುವ ಎತ್ತರದ ಜಾಗದ ಹೆಸರು ಮನೆಯ ಮೇಲ್ತುದಿಯ ಜಾಗಕ್ಕೆ ಇಳಿದು ಬರುವ ಈ ಅರ್ಥಪಲ್ಲಟ ಒಂದಕ್ಕೊಂದು ಸಂಬಂಧವಿಲ್ಲದೆ ಎರಡು ಕಡೆ ಆಗಿದೆ ಎಂಬುದು, ಒಂದೇ ಪದವನ್ನು ಯಾರೋ ಯಾರಿಂದಲೋ ಎರವಲು ಪಡೆದರು ಎಂಬುದಕ್ಕಿಂತ ಎಷ್ಟೋ ಹೆಚ್ಚು ಸೊಗಸಾದ ಸಂಗತಿ ಎಂದು ನನಗನ್ನಿಸುತ್ತದೆ.

ಬೇರೆ ನುಡಿಗಳು ಈ ಜಾಗವನ್ನು ಯಾವ ಕಡೆಯಿಂದ ನೋಡಿವೆ ಎಂಬುದೂ ನಮ್ಮ ಚರ್ಚೆಗೆ ಒದಗುತ್ತದೆ. ಇಂಗ್ಲಿಷಿನ ಲಾಫ್ಟ್ ಬಂದದ್ದು ಹಳೆಯ ನಾರ್ಸ್ ನುಡಿಯ ಗಾಳಿ, ಆಕಾಶ, ಮೇಲಿನ ಕೋಣೆ ಎಂಬರ್ಥದ ಪದದಿಂದ. ಫ್ರೆಂಚರ ಗ್ರನಿಯೇ ಮೂಲತಃ ಕಣಜ. ಜರ್ಮನ್ನರು ಡಾಖ್‌ಬೋಡನ್ ಎನ್ನುತ್ತಾರೆ. ಬಿಡಿಸಿದರೆ ಛಾವಣಿಯ ನೆಲ. ನೆಲವನ್ನು ಕಂಡು ಹೆಸರಿಟ್ಟವರು ನಾವು ಮಾತ್ರವಲ್ಲ ಎಂಬುದಕ್ಕೆ ಈ ಕೊನೆಯ ಪದ ಸಾಕ್ಷಿ. ಮರಾಠಿಯ ಮಾಳಾ ಕೂಡ ಇದೇ ಜಾಗದ ಹೆಸರು, ಆದರೆ ನಮ್ಮ ಮಾಳಿಗೆಯನ್ನು ಅಟಿಕ್‌ಗೆ ಬಳಸಲಾಗದು: ಉತ್ತರ ಕರ್ನಾಟಕದ ಮಾತಿನಲ್ಲಿ ಮಾಳಿಗೆಯೆಂದರೆ ಬಯಲಿಗೆ ತೆರೆದ ಮಟ್ಟಸ ಮೇಲ್ಛಾವಣಿ, ಉಳಿದೆಡೆ ಮಹಡಿ, ಸಾಲದೆಂಬಂತೆ ಮನೆಯ ತಳದಲ್ಲಿರುವ ನೆಲಮಾಳಿಗೆಯೂ ಇದೆ. ಉಪ್ಪರಿಗೆ ಜನ ವಾಸಿಸುವ ಮೇಲಂತಸ್ತು. ಇವನ್ನು ಬದಿಗಿಡೋಣ.

ಅಟ್ಟ ಎಂಬ ಪದಕ್ಕೆ ಇಂದು ಬಂದೊದಗಿರುವ ಇನ್ನೊಂದು ತೊಡಕನ್ನೂ ಹೇಳಬೇಕು. ಕಾಂಕ್ರೀಟಿನ ಮಟ್ಟಸ ಛಾವಣಿಯ ಮನೆಗಳಲ್ಲಿ ಮಾಡೂ ಇಲ್ಲ, ಅದರಡಿಯ ಎಡೆಯೂ ಇಲ್ಲ. ಹಾಗಾಗಿ ಕೋಣೆಯ ಗೋಡೆಗೆ, ಬಾಗಿಲಿನ ಮಟ್ಟಕ್ಕಿಂತ ಮೇಲೆ ಎರಡಡಿ ಅಗಲಕ್ಕೆ ಚಾಚಿರುವ ಕಾಂಕ್ರೀಟಿನ ಹಲಗೆಗೆ ಅಟ್ಟವೆಂಬ ಹೆಸರು ವರ್ಗವಾಗಿದೆ. ಕೆಲವರು ಅದನ್ನೇ ಸಜ್ಜೆ ಎನ್ನುತ್ತಾರೆ, ಲಾಫ್ಟ್ ಎನ್ನುವವರೂ ಇದ್ದಾರೆ. ಇಂಥ ಮನೆಗಳಲ್ಲೇ ಬೆಳೆದವರಿಗೆ 'ಅಟ್ಟಕ್ಕೆ ಹೋಗಿ ವಿದ್ಯುತ್ ತಂತಿಗಳನ್ನು ಪರೀಕ್ಷಿಸಿ' ಎಂಬ ವಾಕ್ಯ ಅರ್ಥವೇ ಆಗುವುದಿಲ್ಲ, ಏಕೆಂದರೆ ಅವರು ಕಂಡ ಅಟ್ಟಕ್ಕೆ ಯಾರೂ ಹೋಗುವುದಿಲ್ಲ, ಸ್ಟೂಲಿನ ಮೇಲೆ ನಿಂತು ಕೈಚಾಚುತ್ತಾರೆ ಅಷ್ಟೆ. ಇವೆರಡನ್ನೂ ಬೇರ್ಪಡಿಸುವ ಗುರುತು ನನಗೆ ಕಂಡದ್ದು ಅವುಗಳ ಆಕಾರದಲ್ಲಲ್ಲ, ತಲುಪುವ ಬಗೆಯಲ್ಲಿ: ಕೈ ಮಾತ್ರ ಹೋಗುವುದು ಸಜ್ಜೆ, ಮೈ ಹೋಗುವುದು ಅಟ್ಟ. ಕೈಪಿಡಿಯ ಆರಂಭದಲ್ಲೇ ಈ ವಿಂಗಡಣೆಯನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬೇಕೆಂದಿದ್ದೇನೆ.

ತಲುಪುವ ಬಗೆಯ ಮಾತು ಬಂದದ್ದರಿಂದ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮುಚ್ಚಿಗೆಯಲ್ಲಿ ಕೊರೆದು ಬಿಟ್ಟಿರುವ, ಅಟ್ಟಕ್ಕೆ ತೂರಿಕೊಳ್ಳುವ ಚೌಕದ ತೆರವಿಗೆ ಇಂಗ್ಲಿಷಿನಲ್ಲಿ ಹ್ಯಾಚ್ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪುವ ಒಂದು ಪದ ನನಗೆ ಸಿಕ್ಕಿಲ್ಲ, ಸಿಗದಿರುವುದಕ್ಕೆ ಕಾರಣವೂ ಅಟ್ಟದ ಅರ್ಥದಲ್ಲೇ ಅಡಗಿದೆ ಎಂದು ತೋರುತ್ತದೆ. ಅಟ್ಟವೆಂಬುದು ಕೋಣೆಯ ಒಂದು ಭಾಗದ ಮೇಲೆ ಮಾತ್ರ ಹಾಸಿದ, ಒಂದು ಮಗ್ಗುಲು ತೆರೆದಿರುವ ಎತ್ತರದ ನೆಲವಾಗಿದ್ದಾಗ ಅದರ ಅಂಚಿಗೆ ಏಣಿ ಆನಿಸಿದರೆ ಸಾಕು. ತೆರವು ಕೊರೆಯುವ ಪ್ರಸಂಗವೇ ಇಲ್ಲ. ಗೋಡೆಯಿಂದ ಗೋಡೆಗೆ ಪೂರ್ತಿ ಮುಚ್ಚಿಗೆ ಹೊದಿಸಿದಾಗಲಷ್ಟೇ ಅದರಲ್ಲೊಂದು ತೂತು ಬೇಕಾಗುತ್ತದೆ, ಆ ತೂತಿಗೊಂದು ಹೆಸರೂ ಬೇಕಾಗುತ್ತದೆ.

ಮುಂದಿರುವ ಆಯ್ಕೆಗಳು ಕಿಂಡಿ, ಗಂಡಿ, ಬಾಗಿಲು, ಕದ, ಮುಚ್ಚಳ. ಕಿಂಡಿಯಲ್ಲಿ ಬೆಳಕು ಬರುತ್ತದೆ, ಗಾಳಿ ಬರುತ್ತದೆ, ಅಣೆಕಟ್ಟಿನ ಕಿಂಡಿಯಲ್ಲಿ ನೀರು ಹರಿಯುತ್ತದೆ, ಅದರಲ್ಲಿ ಇಣುಕಲೂ ಬಹುದು. ಆದರೆ ಕಿಂಡಿಯಲ್ಲಿ ಮನುಷ್ಯ ತೂರುವುದು ಅಪರೂಪ. ಗಂಡಿ ಹಾಗಲ್ಲ. ಬೇಲಿಯ ಗಂಡಿಯಲ್ಲಿ ದನ ನುಗ್ಗುತ್ತದೆ, ಗೋಡೆಯ ಗಂಡಿಯಲ್ಲಿ ಕಳ್ಳ ನುಗ್ಗುತ್ತಾನೆ. ಇಡೀ ಮೈ ದಾಟಿ ಹೋಗುವ ತೆರವು ಅದು. ಅಟ್ಟಕ್ಕೆ ಮೈ ಹೋಗಬೇಕೆಂದು ಮೇಲೆ ಹೇಳಿದ್ದೇನಾದ್ದರಿಂದ 'ಅಟ್ಟದ ಗಂಡಿ' ಎಂಬುದೇ ನನ್ನ ಮೊದಲ ಆಯ್ಕೆ. ಬೇಲಿ ಮುರಿದು ಆದ ತೆರವು ಎಂಬ ಛಾಯೆ ಗಂಡಿಗೆ ಇದೆಯಲ್ಲ, ಉದ್ದೇಶಪೂರ್ವಕವಾಗಿ ಅಳೆದು ಕೊರೆದದ್ದಕ್ಕೆ ಅದು ಹೊಂದುತ್ತದೆಯೇ ಎಂಬ ಆಕ್ಷೇಪವನ್ನು ನಾನೇ ಎತ್ತಿಕೊಂಡಿದ್ದೇನೆ. ಬೆಟ್ಟಗಳ ನಡುವೆ ಹಾದುಹೋಗುವ ಇಕ್ಕಟ್ಟಿನ ದಾರಿಗೂ ಗಂಡಿ ಎನ್ನುವುದುಂಟು, ಅಲ್ಲಿ ಮುರಿದದ್ದೆಂಬ ಭಾವವಿಲ್ಲ ಎಂಬುದು ನಾನೇ ಕೊಟ್ಟುಕೊಂಡ ಸಮಾಧಾನ.

ಹ್ಯಾಚ್ ಎಂಬ ಇಂಗ್ಲಿಷ್ ಪದದ ತೊಂದರೆಯೆಂದರೆ ಅದು ತೆರವಿಗೂ ಹೆಸರು, ತೆರವನ್ನು ಮುಚ್ಚುವ ಹಲಗೆಗೂ ಹೆಸರು. ಕನ್ನಡ ಈ ಎರಡನ್ನು ಮೊದಲಿನಿಂದಲೂ ಬೇರೆಯಾಗಿಯೇ ನೋಡಿದೆ: ಮನೆಗೆ ಬಾಯಿಯಂತಿರುವ ತೆರವು ಬಾಗಿಲು, ಅದಕ್ಕೆ ಕೂರಿಸಿದ ಹಲಗೆ ಕದ. ಇಂದಿನ ಮಾತಿನಲ್ಲಿ ಬಾಗಿಲು ಎರಡಕ್ಕೂ ಸಲ್ಲುತ್ತಿದ್ದರೂ ಕದ ಎಂಬ ಪದ ಇನ್ನೂ ಕೈಬಿಟ್ಟಿಲ್ಲ. ಈ ಭೇದ ಕೈಪಿಡಿಯಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ತೆರವಿನ ಅಳತೆ ಒಂದು ವಿಷಯ, ಮುಚ್ಚುವ ಹಲಗೆಯ ಗುಣ ಇನ್ನೊಂದು ವಿಷಯ. ತೆರವಿನ ಬಗ್ಗೆ ಹೇಳುವುದಾದರೆ, ಅಮೆರಿಕದ ಬಹುತೇಕ ಕಡೆ ಆಧಾರವಾಗಿರುವ ವಸತಿ ಕಟ್ಟಡ ಸಂಹಿತೆಯ ಪ್ರಕಾರ, ಉರಿಯಬಲ್ಲ ವಸ್ತುವಿನಿಂದ ಮುಚ್ಚಿಗೆ ಅಥವಾ ಮಾಡು ಕಟ್ಟಿರುವ ಮನೆಯಲ್ಲಿ, ಮಾಡಿನಡಿಯ ಎಡೆ 30 ಚದರಡಿಗೆ ಕಡಿಮೆಯಿಲ್ಲದಷ್ಟು ವಿಸ್ತಾರಕ್ಕೆ 30 ಅಂಗುಲ ಅಥವಾ ಅದಕ್ಕೂ ಹೆಚ್ಚು ಎತ್ತರವಿದ್ದರೆ ಅಲ್ಲಿಗೆ ಹೋಗುವ ಗಂಡಿ ಇರಲೇಬೇಕು. ಗಂಡಿಯ ಚೌಕಟ್ಟು 22 ಅಂಗುಲಕ್ಕೆ 30 ಅಂಗುಲಕ್ಕಿಂತ ಕಿರಿದಾಗಿರಬಾರದು, ಅದು ಓಣಿಯಂಥ ನಡುವಂಕಣದಲ್ಲಿ ಅಥವಾ ಸುಲಭವಾಗಿ ತಲುಪುವ ಬೇರೆ ಜಾಗದಲ್ಲಿ ಇರಬೇಕು. ಇನ್ನು ಕದದ ಬಗ್ಗೆ: ಮನೆಯೊಳಗಿನ ಬಿಸಿ ಗಾಳಿ ಮೇಲಕ್ಕೇರಿ ಮೊದಲು ಹುಡುಕುವುದು ಇಂಥ ಸಂದುಗಳನ್ನೇ ಆದ್ದರಿಂದ ಕದದ ಅಂಚಿಗೆ ಸಂದು ಮುಚ್ಚುವ ಪಟ್ಟಿ ಹಚ್ಚಬೇಕು, ಅದರ ಬೆನ್ನಿಗೂ ಸುತ್ತಲಿನ ಮುಚ್ಚಿಗೆಗೆ ಇರುವಷ್ಟೇ ಶಾಖತಡೆ ಹೊದಿಸಬೇಕು, ಚಳಿ ದೇಶಗಳಲ್ಲಿ ಆ ಸಂದಿನಿಂದ ನುಸುಳಿದ ತೇವದ ಗಾಳಿ ತಣ್ಣನೆಯ ಮಾಡಿನ ಹಲಗೆಗೆ ತಾಗಿ ಹನಿಗಟ್ಟಿ ಮರವನ್ನು ಕೊಳೆಸುತ್ತದೆ. 'ಹ್ಯಾಚ್‌ಗೆ ಶಾಖತಡೆ ಹೊದಿಸಿ' ಎಂದು ಎರವಲು ಪದದಲ್ಲೇ ಬರೆದಿದ್ದರೆ ಓದುಗನು ತೆರವಿಗೇ ಹೊದಿಕೆ ತುಂಬಿ ದಾರಿಯನ್ನೇ ಮುಚ್ಚಿಬಿಡುವ ಸಾಧ್ಯತೆ ಇತ್ತು. 'ಗಂಡಿಯ ಕದಕ್ಕೆ' ಎಂದಾಗ ಆ ಗೊಂದಲವಿಲ್ಲ.

ಮುಚ್ಚಳ ಎಂಬ ಪದವನ್ನು ಕೆಲವರು ಸೂಚಿಸಿದ್ದಾರೆ. ಕೀಲಿಲ್ಲದೆ ಸುಮ್ಮನೆ ಮೇಲೆ ಕೂರಿಸಿ, ಬೇಕಾದಾಗ ಎತ್ತಿ ಪಕ್ಕಕ್ಕಿಡುವಂಥದ್ದಕ್ಕೆ ಅದು ಒಪ್ಪುತ್ತದೆ. ಕೀಲಿನ ಮೇಲೆ ತಿರುಗುವುದಕ್ಕೆ ಕದವೇ ಸರಿ.

ಮೂರನೆಯದು ಏಣಿಯ ಪ್ರಶ್ನೆ. ಇದರಲ್ಲಿ ನನ್ನ ಮೊದಲ ಕರಡು ನಿಜಕ್ಕೂ ತಪ್ಪಾಗಿತ್ತು. ಗಂಡಿಯ ಕದಕ್ಕೇ ಜೋಡಿಸಿ, ಹಗ್ಗ ಹಿಡಿದೆಳೆದರೆ ಕದದೊಂದಿಗೆ ಕೆಳಗಿಳಿದು ಮೂರು ಮಡಿಕೆಗಳಲ್ಲಿ ಬಿಚ್ಚಿಕೊಳ್ಳುವ ಸಾಧನವನ್ನು ಇಂಗ್ಲಿಷಿನಲ್ಲಿ ಅಟಿಕ್ ಸ್ಟೇರ್ಸ್ ಎಂದೂ ಅಟಿಕ್ ಲ್ಯಾಡರ್ ಎಂದೂ ಭೇದವಿಲ್ಲದೆ ಕರೆಯುತ್ತಾರೆ. ನಾನು ಮೊದಲನೆಯದನ್ನು ನೋಡಿ 'ಅಟ್ಟದ ಮೆಟ್ಟಿಲು' ಎಂದು ಬರೆದಿದ್ದೆ. ಮೆಟ್ಟಿಲು ಎಂಬುದು ಮೆಟ್ಟು ಎಂಬ ಧಾತುವಿನಿಂದ ಬಂದ ಪದ. ಪೂರ್ತಿ ಪಾದವೂರಿ ಮೆಟ್ಟುವಷ್ಟು ಅಗಲವಿರುವಂಥದ್ದು. ಮೆಟ್ಟಿಲನ್ನು ಕೈಯಲ್ಲಿ ಸಾಮಾನು ಹಿಡಿದು ಹತ್ತಬಹುದು, ಇಳಿಯುವಾಗ ಮುಂದೆ ನೋಡಿಕೊಂಡು ಇಳಿಯಬಹುದು. ಏಣಿಯಲ್ಲಿ ಇವೆರಡೂ ಸಲ್ಲವು. ಏಣಿಗೆ ಎದೆಕೊಟ್ಟು ಹತ್ತಬೇಕು, ಏಣಿಗೇ ಮುಖ ಮಾಡಿ ಇಳಿಯಬೇಕು, ಎರಡು ಕೈ ಎರಡು ಕಾಲುಗಳಲ್ಲಿ ಮೂರಾದರೂ ಯಾವಾಗಲೂ ಏಣಿಯನ್ನು ಹಿಡಿದಿರಬೇಕು. ಮಡಚಿಕೊಳ್ಳುವ ಆ ಸಾಧನಕ್ಕೆ ಚಪ್ಪಟೆ ಹಲಗೆಗಳಿದ್ದರೂ ಅದರ ಕಡಿದಾದ ಓಟ ಏಣಿಯದೇ, ಬಳಸುವ ಎಚ್ಚರವೂ ಏಣಿಯದೇ. ಮೆಟ್ಟಿಲು ಎಂದು ಓದಿದವರು ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹೊತ್ತು, ಬೆನ್ನನ್ನು ಅದಕ್ಕೆ ಕೊಟ್ಟು ಇಳಿಯಲು ಹೊರಟರೆ ಆ ತಪ್ಪು ನನ್ನ ಪದದ್ದಾಗುತ್ತದೆ. ಅಟ್ಟ ಎಂಬ ಪದ ಇಲ್ಲದ ನೆಲದ ಭರವಸೆ ಕೊಟ್ಟ ಹಾಗೆಯೇ ಇದೂ ಇಲ್ಲದ ಸಲೀಸಿನ ಭರವಸೆ ಕೊಡುತ್ತದೆ.

ಆದ್ದರಿಂದ ಈಗ 'ಮಡಚೇಣಿ' ಎಂದು ತಿದ್ದಿದ್ದೇನೆ. ಮಡಚುವ ಏಣಿ ಎಂಬುದರ ಸಮಾಸ. ಮೊದಲ ಸಲ ಬಿಡಿಸಿ ಬರೆದು, ಮುಂದೆ ಕೂಡಿಸಿ ಬರೆದರೆ ಓದುಗರಿಗೆ ತೊಡಕಾಗದು ಎಂದುಕೊಂಡಿದ್ದೇನೆ. ಒಂದರೊಳಗೊಂದು ಜಾರಿ ಉದ್ದವಾಗುವ ಬಗೆಗೆ 'ಜಾರೇಣಿ' ಎಂದು ಯೋಚಿಸಿದ್ದೆ, ಆದರೆ ಜಾರುವ ಏಣಿ ಎಂದರೆ ಜನ ಹತ್ತಲು ಹೆದರುವುದು ಸಹಜ, ಅದನ್ನು ಕೈಬಿಟ್ಟು 'ಉದ್ದವಾಗಿಸುವ ಏಣಿ' ಎಂದೇ ಇಟ್ಟಿದ್ದೇನೆ. ಗೋಡೆಗೋ ಗಂಡಿಯ ಅಂಚಿಗೋ ಆನಿಸುವ ಸಾದಾ ಏಣಿಗೆ ಯಾವ ವಿಶೇಷಣವೂ ಬೇಡ. ಅದನ್ನು ಆನಿಸುವ ರೀತಿಯನ್ನು ಹೇಳುವಾಗ ಮೂಲದಲ್ಲಿ ನಾಲ್ಕಕ್ಕೆ ಒಂದು ಎಂಬ ಲೆಕ್ಕ ಬರುತ್ತದೆ: ಏಣಿ ಆನಿಕೊಳ್ಳುವ ಎತ್ತರ ನಾಲ್ಕು ಪಾಲಾದರೆ ಅದರ ಬುಡ ಗೋಡೆಯಿಂದ ಒಂದು ಪಾಲು ದೂರವಿರಬೇಕು, ಅಂದರೆ ನೆಲದೊಡನೆ ಸುಮಾರು 75 ಡಿಗ್ರಿ ಕೋನ. ಹತ್ತಿ ಮೇಲಿನ ನೆಲಕ್ಕೆ ಕಾಲಿಡುವುದಾದರೆ ಏಣಿಯ ತುದಿ ಅಂಚಿಗಿಂತ ಸುಮಾರು ಮೂರಡಿ ಮೇಲೆ ಚಾಚಿರಬೇಕು, ದಾಟುವಾಗ ಹಿಡಿಯಲು ಆಧಾರ ಬೇಕಲ್ಲ. ಇಲ್ಲಿ ಏಣಿಯ ಅಡ್ಡಪಟ್ಟಿಗೆ ನಾವು ಮೆಟ್ಟಿಲೆಂದೇ ಹೇಳುತ್ತೇವೆ ಎಂಬುದನ್ನು ಗಮನಿಸಬೇಕು; 'ಏಣಿಯ ಮೆಟ್ಟಿಲು' ಎಂದಾಗ ಮೇಲೆ ಹೇಳಿದ ದೋಷವಿಲ್ಲ, ಏಣಿ ಎಂಬ ಪದವೇ ಎಚ್ಚರವನ್ನು ಹೊತ್ತುಕೊಂಡಿರುತ್ತದೆ. ನಿಚ್ಚಣಿಕೆ ಎಂಬ ಹಳೆಯ ಪದವನ್ನು ಇಂಥ ವಿಶೇಷ ಏಣಿಗೆ ಮೀಸಲಿಡಬಹುದೆಂದು ಹಿರಿಯರೊಬ್ಬರು ಸಲಹೆ ಕೊಟ್ಟಿದ್ದಾರೆ. ಸೊಗಸಾದ ಪದ, ಕಳೆದುಹೋಗಬಾರದ ಪದ, ಆದರೆ ಕೈಪಿಡಿಯನ್ನು ಓದುವವರಲ್ಲಿ ಹೆಚ್ಚಿನವರಿಗೆ ಅದರ ಅರ್ಥವನ್ನು ಮತ್ತೆ ಏಣಿಯೆಂದೇ ಹೇಳಬೇಕಾಗುತ್ತದೆ.

ನುಡಿಗಟ್ಟುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಇದು ಅನುವಾದಕ್ಕೆ ನೇರವಾಗಿ ಬೇಕಿಲ್ಲದಿದ್ದರೂ ಅಟ್ಟದ ಅರ್ಥಕ್ಕೆ ಸಂಬಂಧಿಸಿದ್ದು. ಹೊಗಳಿ ಅಟ್ಟಕ್ಕೇರಿಸುವುದು ಎಂಬಲ್ಲಿ ಅಟ್ಟ ಎತ್ತರದ ಗುರುತು. ಯೋಜನೆ ಅಟ್ಟ ಸೇರಿತು ಎಂಬಲ್ಲಿ ಅದು ಮರೆವಿನ ಗುರುತು. ಒಂದೇ ಜಾಗ ಒಮ್ಮೆ ಗೌರವದ ಪೀಠ, ಒಮ್ಮೆ ಮೂಲೆ. ಕಾವಲು ಗೋಪುರದ ಅಟ್ಟಳೆಯಿಂದ ಮೊದಲನೆಯದೂ, ಬೇಡದ ಸಾಮಾನಿನ ಅಟ್ಟದಿಂದ ಎರಡನೆಯದೂ ಬಂದಿರಬಹುದೇ ಎಂಬುದು ನನ್ನ ಊಹೆ. 'ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು' ಎಂಬ ಗಾದೆಯನ್ನು ಮಾತ್ರ ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ಅಲ್ಲಿರುವುದು ಅಡು ಎಂಬ ಕ್ರಿಯಾಪದದ ಭೂತರೂಪ. ಅಡುಗೆ ಮುಗಿದ ಮೇಲೆ ಒಲೆ ಚೆನ್ನಾಗಿ ಉರಿಯಿತು ಎಂದರ್ಥ. ಅಟ್ಟದ ಮೇಲೆ ಒಲೆ ಹೊತ್ತಿಸಿದವರ ಕತೆ ಅದಲ್ಲ.

ಕಿವಿಯ ವೈದ್ಯರೂ ಅಟಿಕ್ ಎಂಬ ಪದವನ್ನು ಬಳಸುತ್ತಾರೆ ಎಂಬುದು ಹುಡುಕುವಾಗ ಎದುರಾಯಿತು. ನಡುಗಿವಿಯಲ್ಲಿ, ತಮಟೆಯ ಪೊರೆಯ ಮಟ್ಟಕ್ಕಿಂತ ಮೇಲಿರುವ ಪುಟ್ಟ ಕುಹರ ಅದು. ಅಲ್ಲಿ ನೆಲವಿಲ್ಲ, ಬರೀ ಎಡೆ. ನಾನು ಮಾಡಿದ ವಿಂಗಡಣೆಯನ್ನು ಅನುಸರಿಸಿದರೆ ಅದನ್ನು ಕಿವಿಯ ಅಟ್ಟ ಎನ್ನುವುದೂ ಸರಿಹೋಗದು, 'ಮೇಲ್ಗುಹರ' ಎಂಬಂಥದ್ದೇನಾದರೂ ಬೇಕಾಗುತ್ತದೆ.

ಈಗ ನನಗೆ ತಮ್ಮಿಂದ ಬೇಕಾಗಿರುವುದು ಇಷ್ಟು. ನೆಲವಿಲ್ಲದ, ಜಂತಿ ಮಾತ್ರವಿರುವ ಮಾಡಿನಡಿಯ ಎಡೆಗೆ ತಮ್ಮ ಮಾತಿನಲ್ಲಿ ಅಟ್ಟವಲ್ಲದ ಬೇರೆ ಹೆಸರೇನಾದರೂ ಇದೆಯೇ? ಪೂರ್ತಿ ಮುಚ್ಚಿಗೆ ಹೊದಿಸಿದ ಮನೆಯಲ್ಲಿ ಅಟ್ಟ ಹತ್ತುವ ತೆರವನ್ನು ತಮ್ಮ ಹಿರಿಯರು, ಅದರಲ್ಲೂ ಬಡಗಿಗಳು, ಗಂಡಿ ಎನ್ನುತ್ತಿದ್ದರೇ, ಕಿಂಡಿ ಎನ್ನುತ್ತಿದ್ದರೇ, ಬಾಗಿಲು ಎನ್ನುತ್ತಿದ್ದರೇ? ನಿಘಂಟಿನಲ್ಲಿ ಕಂಡ ಪದಕ್ಕಿಂತ ಕಿವಿಯಾರೆ ಕೇಳಿದ ಪದವನ್ನು, ಅದನ್ನು ಕೇಳಿದ ಇಡೀ ವಾಕ್ಯದೊಂದಿಗೆ ಬರೆದು ಕಳಿಸಿದರೆ ಹೆಚ್ಚು ಉಪಕಾರವಾಗುತ್ತದೆ. 'ಮೇಲೆ' ಎಂದರೋ 'ಒಳಗೆ' ಎಂದರೋ ಎಂಬುದು ವಾಕ್ಯದಲ್ಲಿ ಮಾತ್ರ ಗೊತ್ತಾಗುವ ಸಂಗತಿ. ಬಡಗಿಯವರಿಗೆ ತಿದ್ದಿದ ಕರಡನ್ನು ಮತ್ತೆ ಓದಲು ಕೊಡುವ ಮೊದಲು ಆ ಒಂದು ಸಾಲನ್ನಾದರೂ ಸರಿಪಡಿಸಿಕೊಳ್ಳಬೇಕೆಂದಿದ್ದೇನೆ. ಸದ್ಯಕ್ಕೆ ಅದು ಹೀಗಿದೆ: "ಮಾಡಿನಡಿಯ ಟೊಳ್ಳಿನಲ್ಲಿ ನೆಲವಿರುವುದಿಲ್ಲ, ಜಂತಿಗಳ ಮೇಲೆ ಮಾತ್ರ ಕಾಲಿಡಿ."